ಕಾಯಿ ಕುಡಿದ ನೀರು

ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಇನ್ನೂ ಅಟ್ಟ ಇದೆ? ಸ್ವಲ್ಪ ಕೈ ಎತ್ತಿ, ನೋಡೋಣ. ಪರವಾಗಿಲ್ಲ, ಹತ್ತು ಹದಿನೈದು ಕೈ ಕಾಣುತ್ತಿವೆ. ತುಮಕೂರಿನ ಈಗಿನ ಮನೆಗಳಲ್ಲಿ ಅಟ್ಟ ಅಂದರೆ ಬಚ್ಚಲಿನ ಮೇಲಿನ ಸಜ್ಜೆ. ಹಳೆಯ ಸೂಟ್‌ಕೇಸು, ಮಕ್ಕಳ ಮುರಿದ ಸೈಕಲ್ಲು, ಹಬ್ಬಕ್ಕೆ ಮಾತ್ರ ಇಳಿಯುವ ದೊಡ್ಡ ಪಾತ್ರೆ ಅಲ್ಲಿರುತ್ತವೆ. ನಾನು ಕೇಳಿದ್ದು ಆ ಅಟ್ಟವನ್ನಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಗೊತ್ತಿರುತ್ತದೆ. ಗೋಡೆಯಿಂದ ಗೋಡೆಗೆ ತೊಲೆ ಹಾಕಿ, ಮೇಲೆ ಸಂದು ಬಿಟ್ಟು ಬಿದಿರಿನ ಗಳ ಹಾಸಿದ ಅಟ್ಟ. ಅದರ ತುಂಬ ತೆಂಗಿನಕಾಯಿ. ಕೆಳಗೆ ನಾವು ಉಣ್ಣುತ್ತೇವೆ, ಓದುತ್ತೇವೆ, ಜಗಳ ಆಡುತ್ತೇವೆ, ಮಲಗುತ್ತೇವೆ. ಮೇಲೆ ಕಾಯಿ ಸುಮ್ನೆ ಇರುತ್ತದೆ.

ನಾನು ಬೆಳೆದದ್ದು ಅಂಥ ಅಟ್ಟದ ಕೆಳಗೆ, ತಿಪಟೂರು ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ. ಆಮೇಲೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆ. ಇವತ್ತು ನನಗೆ ಕೊಟ್ಟಿರುವ ವಿಷಯ ದಿನದ ಬದುಕು ಮತ್ತು ಅಧ್ಯಾತ್ಮ. ದೊಡ್ಡವರು ಹೇಳಿದ್ದನ್ನು ಓದಿಕೊಂಡು ಬಂದು ಒಪ್ಪಿಸಬಹುದಿತ್ತು. ಮನಸ್ಸು ಬರಲಿಲ್ಲ. ಪ್ರೀತಿಯ ಬಗ್ಗೆ, ಬಿಡುವುದರ ಬಗ್ಗೆ ನನಗೆ ಏನಾದರೂ ಗೊತ್ತಿದ್ದರೆ ಅದು ಆ ಅಟ್ಟದಿಂದ ಇಳಿದು ಬಂದದ್ದು. ಅದನ್ನೇ ಹೇಳುತ್ತೇನೆ.

ಮೊದಲು ಮರ. ತೆಂಗಿನ ಮರವನ್ನು ದಿನಾ ಹಾದು ಹೋಗುತ್ತೇವೆ, ತಲೆ ಎತ್ತಿ ನೋಡುವುದು ಕಡಿಮೆ. ಚೆನ್ನಾಗಿರುವ ಮರ ಹೆಚ್ಚು ಕಡಿಮೆ ತಿಂಗಳಿಗೊಂದು ಗರಿ ಬಿಡುತ್ತದೆ. ಒಂದೊಂದು ಗರಿಯ ಬುಡದಲ್ಲಿ ಒಂದೊಂದು ಹೊಂಬಾಳೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯುವುದಕ್ಕೆ ಸುಮಾರು 12 ತಿಂಗಳು ಬೇಕು. ಲೆಕ್ಕ ಹಾಕಿ. ಯಾವ ದಿನ ನೋಡಿದರೂ ಆ ಮರದ ತಲೆಯಲ್ಲಿ ಒಂದು ಇಡೀ ವರ್ಷ ಕೂತಿರುತ್ತದೆ. ಮೇಲೆ ಈಗ ತಾನೇ ಒಡೆದ ಹೊಂಬಾಳೆ. ಅದರ ಕೆಳಗೆ ಹರಳು. ಅದರ ಕೆಳಗೆ ಮುಷ್ಟಿ ಗಾತ್ರದ್ದು. ಇನ್ನೂ ಕೆಳಗೆ ಎಳನೀರು. ಎಲ್ಲಕ್ಕಿಂತ ಕೆಳಗೆ ಬಲಿತ ಗೊನೆ, ಇವತ್ತೋ ನಾಳೆಯೋ ಬೀಳುವಂಥದ್ದು. ಮೊಮ್ಮಗು, ಸೊಸೆ, ಅತ್ತೆ, ಅಜ್ಜಿ ಎಲ್ಲರೂ ಒಂದೇ ಮನೆಯಲ್ಲಿ ಇದ್ದ ಹಾಗೆ.

ಹರಳೆಲ್ಲ ಕಾಯಿ ಆಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಉದುರಿ ಹೋಗುತ್ತದೆ. ನಾವು ಚಿಕ್ಕವರಿದ್ದಾಗ ಬೆಳಿಗ್ಗೆ ಎದ್ದು ಅದನ್ನು ಆರಿಸಿ, ಕಡ್ಡಿ ಚುಚ್ಚಿ ಗಾಡಿ ಮಾಡಿ ಆಡುತ್ತಿದ್ದೆವು. ಒಂದು ಬೇಸಿಗೆ ತುಂಬಾ ಉದುರಿತ್ತು. ನನಗೆ ಸಂಕಟವಾಗಿ ಅಪ್ಪನನ್ನು ಕೇಳಿದೆ. ‘ಮರಕ್ಕೆ ಅದರ ಶಕ್ತಿ ಗೊತ್ತೈತೆ ಕಣವ್ವ. ಎಷ್ಟು ಸಾಕಬೋದೋ ಅಷ್ಟು ಇಟ್ಕಣುತ್ತೆ’ ಅಂದರು. ಎಷ್ಟೋ ವರ್ಷ ಆದಮೇಲೆ, ಕೈ ಹಾಕಿದ ಕೆಲಸಗಳಲ್ಲಿ ಅರ್ಧ ಕೈಬಿಟ್ಟ ಒಂದು ವರ್ಷ, ಈ ಮಾತು ನನ್ನನ್ನು ಬಹಳ ಕಾಪಾಡಿತು. ಇರಲಿ, ಅದು ಬೇರೆ ಕಥೆ.

ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸುತ್ತಾರೆ. ಸಿಪ್ಪೆ ಸುಲಿಯುವುದಿಲ್ಲ, ಒಡೆಯುವುದಿಲ್ಲ, ಬಿಸಿಲಿಗೆ ಹಾಕುವುದಿಲ್ಲ. 8ರಿಂದ 12 ತಿಂಗಳು ಹಾಗೇ ಬಿಡುತ್ತಾರೆ. ಮರದ ಮೇಲೆ ಒಂದು ವರ್ಷ, ಅಟ್ಟದ ಮೇಲೆ ಹತ್ತಿರ ಹತ್ತಿರ ಇನ್ನೊಂದು ವರ್ಷ. ಮದುವೆ ಮನೆಯಲ್ಲಿ ನಿಮ್ಮ ಕೈಗೆ ಬರುವ ಒಂದು ಕೊಬ್ಬರಿ ಗಿಟುಕಿನ ಹಿಂದೆ ಎರಡು ವರ್ಷ ಇದೆ. ಅದರಲ್ಲಿ ಅರ್ಧ ಕಾಲ ಮನುಷ್ಯ ಮಾಡಿದ ಕೆಲಸ ಅಂದರೆ ಮುಟ್ಟದೆ ಇದ್ದದ್ದು.

ಆಯಿತೋ ಇಲ್ಲವೋ ಅನ್ನುವುದು ಕಿವಿಗೆ ಗೊತ್ತಾಗುತ್ತದೆ. ಹಸಿ ಕಾಯಿ ಅಲ್ಲಾಡಿಸಿದರೆ ಗುಳುಗುಳು ಅನ್ನುತ್ತದೆ, ಅದು ನೀರಿನ ಸದ್ದು. ನಡುವೆ ಒಂದು ಕಾಲ ಬರುತ್ತದೆ, ಆಗ ಸದ್ದೇ ಇರುವುದಿಲ್ಲ. ನೀರು ಮುಗಿದಿರುತ್ತದೆ, ತಿರುಳು ಇನ್ನೂ ಚಿಪ್ಪಿಗೆ ಅಂಟಿಕೊಂಡಿರುತ್ತದೆ. ಆಮೇಲೆ ಒಂದು ದಿನ ಲೊಟಲೊಟ ಅನ್ನುತ್ತದೆ. ತಿರುಳು ಒಣಗಿ, ಸ್ವಲ್ಪ ಕುಗ್ಗಿ, ಚಿಪ್ಪು ಬಿಟ್ಟು ಒಳಗೆ ಉಂಡೆಯಾಗಿ ಉರುಳಾಡುತ್ತಿರುತ್ತದೆ. ಮೂರು ಸದ್ದಿನಲ್ಲಿ ನಡುವಿನದು ನನಗೆ ಮುಖ್ಯ. ಅದಕ್ಕೆ ಮತ್ತೆ ಬರುತ್ತೇನೆ.

ಈ ಉದಾಹರಣೆ ನಿಮಗೆ ಹೊಸದಲ್ಲ. ಶ್ರೀ ರಾಮಕೃಷ್ಣ ಪರಮಹಂಸರು ಇದನ್ನು ಹೇಳುತ್ತಿದ್ದರು. ನೀರು ಆರಿದ ಕಾಯಿಯಲ್ಲಿ ತಿರುಳು ಬೇರೆ, ಚಿಪ್ಪು ಬೇರೆ ಆಗುವ ಹಾಗೆ, ಆಸೆ ಆರಿದವನಿಗೆ ದೇಹ ಬೇರೆ, ಆತ್ಮ ಬೇರೆ ಎಂದು ತಿಳಿಯುತ್ತದೆ ಎಂದು. ಕಾಲೇಜಿನಲ್ಲಿದ್ದಾಗ ಇದನ್ನು ಮೊದಲು ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ರಜೆಗೆ ಊರಿಗೆ ಹೋದವಳೇ ಅವ್ವನಿಗೆ ಹೇಳಿದೆ. ಅವ್ವ ಚಿಪ್ಪು ಒಡೆಯುತ್ತಾ ಕೂತಿದ್ದಳು. ಆ ಕೆಲಸ ಮಾಡಿದವರಿಗೆ ಗೊತ್ತು, ಮಚ್ಚಿನ ಏಟು ಒಂದು ಕೂದಲೆಳೆ ಜಾಸ್ತಿ ಬಿದ್ದರೆ ಒಳಗಿನ ಕೊಬ್ಬರಿಗೆ ಗಾಯವಾಗುತ್ತದೆ, ಬೆಲೆ ಇಳಿಯುತ್ತದೆ. ಕೈ ನಿಲ್ಲಿಸದೆ ಪೂರ್ತಿ ಕೇಳಿದಳು. ‘ದೊಡ್ಡೋರು, ಸರಿಯಾಗೇ ಹೇಳವ್ರೆ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ನೀರು ಎಲ್ಲೋ ಹೊರಟೋಯ್ತು ಅಂದ್ಕಬ್ಯಾಡ. ಕಾಯೇ ಕುಡ್ಕಂಡೈತೆ’ ಅಂದಳು.

ನಾನು ವಿಜ್ಞಾನದ ವಿದ್ಯಾರ್ಥಿನಿ. ವಾದ ಮಾಡಿದೆ. ಹಸಿ ತಿರುಳಿನಲ್ಲಿ ಹೆಚ್ಚು ಕಡಿಮೆ ಅರ್ಧ ನೀರೇ ಇರುತ್ತದೆ, ಒಣಗಿದ ಕೊಬ್ಬರಿಯಲ್ಲಿ ನೂರಕ್ಕೆ 6–7 ಪಾಲು ಮಾತ್ರ, ಉಳಿದದ್ದು ಆವಿಯಾಗಿ ಹೋಗಿರಲೇಬೇಕು ಅಂದೆ. ಅವ್ವ ವಾದಕ್ಕೆ ಬರಲಿಲ್ಲ. ಆದರೆ ನಾನು ಆ ಮಾತನ್ನು ತಲೆಯಲ್ಲಿ ಹೊತ್ತುಕೊಂಡೇ ತಿರುಗಿದೆ. ಕೊನೆಗೆ ಒಪ್ಪಿಕೊಂಡೆ. ಎಳನೀರು ಕುಡಿಯುವ ಕಾಲಕ್ಕೆ, ಅಂದರೆ ಸುಮಾರು ಏಳು ತಿಂಗಳಿಗೆ, ಕಾಯಿಯಲ್ಲಿ ನೀರು ತುಂಬಿರುತ್ತದೆ, ತಿರುಳು ಗಂಜಿಯ ಹಾಗಿರುತ್ತದೆ. ಬಲಿಯುತ್ತಾ ಹೋದ ಹಾಗೆ ತಿರುಳು ದಪ್ಪವಾಗುತ್ತದೆ, ನೀರು ಕಡಿಮೆಯಾಗುತ್ತದೆ. ಅಟ್ಟ ಹತ್ತಿದ ಮೇಲೂ ಒಳಗಿನ ನೀರನ್ನು ತಿರುಳು ಹೀರಿಕೊಳ್ಳುತ್ತದೆ. ಆವಿಯಾಗಿ ಹೋಗುವುದು ನಿಜ. ಆದರೆ ಮಧ್ಯದಲ್ಲಿ ನಿಂತ ನೀರಿಗೆ ತಿರುಳನ್ನು ಬಿಟ್ಟು ಬೇರೆ ದಾರಿ ಎಲ್ಲಿದೆ? ಸುತ್ತಲೂ ತಿರುಳೇ ಇದೆಯಲ್ಲ. ತಿರುಳಿನ ಒಳಕ್ಕೆ ಇಳಿದು, ಅದನ್ನು ಹಾದು, ಚಿಪ್ಪನ್ನು ಹಾದು, ನಾರನ್ನು ಹಾದು, ತಿಂಗಳುಗಟ್ಟಲೆ ತೆಗೆದುಕೊಂಡು ಹೋಗುತ್ತದೆ.

ಬೇಗ ಮಾಡುವ ದಾರಿಯೂ ಇದೆ. ಕೇರಳದ ಕಡೆ ಜಾಸ್ತಿ ಅದೇ. ಕಾಯಿ ಒಡೆದು, ನೀರು ಚೆಲ್ಲಿ, ಹೋಳನ್ನು ಬಿಸಿಲಿಗೋ ಹೊಗೆಗೂಡಿಗೋ ಹಾಕಿದರೆ ಕೆಲವೇ ದಿನದಲ್ಲಿ ಒಣಗುತ್ತದೆ. ಅದೂ ಒಳ್ಳೆಯ ಕೊಬ್ಬರಿಯೇ, ಗಾಣಕ್ಕೆ ಹೋಗಿ ಎಣ್ಣೆ ಕೊಡುತ್ತದೆ. ನಾನು ಅದನ್ನು ಕೀಳು ಅನ್ನುತ್ತಿಲ್ಲ. ಆದರೆ ಅದು ಉಂಡೆಯಾಗಿ ಉಳಿಯುವುದಿಲ್ಲ.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನನ್ನ ಅಪ್ಪ ತೀರಿಕೊಂಡ ಮೇಲೆ ನಾನು ಒಂದು ಶಿಬಿರಕ್ಕೆ ಹೋಗಿದ್ದೆ. ಮೂರು ದಿನದ ಶಿಬಿರ. ಅಲ್ಲಿದ್ದವರು ಒಳ್ಳೆಯವರು, ಪ್ರೀತಿಯಿಂದಲೇ ಹೇಳಿದರು. ಕಣ್ಣು ಮುಚ್ಚಿ, ನಿಮ್ಮ ದುಃಖವನ್ನು ಹೊರಗೆ ಇಡಿ, ಮನಸ್ಸನ್ನು ಖಾಲಿ ಮಾಡಿ, ಬಿಟ್ಟುಬಿಡಿ ಎಂದು. ನನ್ನ ಅಕ್ಕಪಕ್ಕದವರು ಬಿಟ್ಟರು ಅಂತ ಕಾಣುತ್ತದೆ, ಮುಖ ಹಗುರವಾಗಿತ್ತು. ನನಗೆ ಆಗಲಿಲ್ಲ. ಅಪ್ಪನನ್ನು ಹೊರಗೆ ಇಟ್ಟು ನಾನು ಒಳಗೆ ಕೂರುವುದು ಹೇಗೆ? ಮೂರನೆಯ ದಿನ ಎದ್ದು ಬಸ್ಸು ಹತ್ತಿ ಊರಿಗೆ ಹೋದೆ. ಅಲ್ಲಿ ಅಟ್ಟದ ತುಂಬ ಅಪ್ಪ ಇಟ್ಟ ಕಾಯಿ ಇತ್ತು.

ಆ ವರ್ಷಗಳು ಇಲ್ಲಿ ಕೂತಿರುವ ಹಿರಿಯರಿಗೆ ನೆನಪಿರಬೇಕು. 2001ರಿಂದ ಮೂರು ವರ್ಷ ಸಾಲಾಗಿ ಬರ. ಅದಕ್ಕೆ ಸ್ವಲ್ಪ ಮೊದಲು, 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ನಮ್ಮ ತೋಟಗಳಿಗೂ ಬಂದಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ತೊಟ್ಟಿನ ಕೆಳಗೆ ಕೂತು ಎಳೆಯ ಕಾಯಿಯ ರಸ ಹೀರುತ್ತದೆ. ಕಾಯಿ ಸಣ್ಣದಾಗಿ, ಮೈಮೇಲೆ ಕಂದು ಬಿರುಕು ಬಿಟ್ಟು, ಸೊಟ್ಟಗೆ ಬೆಳೆಯುತ್ತದೆ. ಬೋರ್‌ವೆಲ್ ಬತ್ತಿತು. ಅಪ್ಪ ಟ್ಯಾಂಕರ್ ನೀರು ತರಿಸಿ, ಮರಕ್ಕೆ ಇಷ್ಟಿಷ್ಟು ಅಂತ ಅಳೆದು ಹಾಕುತ್ತಿದ್ದರು. ಸಂಜೆ ತೋಟಕ್ಕೆ ಹೋದರೆ ಮರಗಳ ಹತ್ತಿರ ಮಾತಾಡುವುದು ಕೇಳುತ್ತಿತ್ತು. 2002ರ ನವೆಂಬರ್‌ನಲ್ಲಿ ಬಿದ್ದ ಕಾಯಿ ಆರಿಸಿ, ಒಳ್ಳೆಯದನ್ನೆಲ್ಲ ತಾವೇ ಏಣಿ ಹಾಕಿ ಅಟ್ಟಕ್ಕೆ ಏರಿಸಿದರು. ಡಿಸೆಂಬರ್‌ನಲ್ಲಿ ಹೋಗಿಬಿಟ್ಟರು.

ಆಸ್ಪತ್ರೆಯ ಸಾಲ ಇತ್ತು. ಅಣ್ಣ ಹೇಳಿದ, ಅಟ್ಟದ ಕಾಯನ್ನು ಹಸಿಯಾಗೇ ಮಾರಿಬಿಡೋಣ, ಒಂದಷ್ಟು ತೀರುತ್ತದೆ ಎಂದು. ಅವನ ಮಾತೂ ತಪ್ಪಲ್ಲ. ಅವ್ವ ಒಪ್ಪಲಿಲ್ಲ. ‘ನಿಮ್ಮಪ್ಪ ಕೊಬ್ಬರಿಗೆ ಅಂತ ಇಟ್ಟವ್ರೆ. ಕೊಬ್ಬರಿ ಆಗ್ಲಿ’ ಅಂದಳು. ಅಷ್ಟೇ. ಸಾಲವನ್ನು ಸೋದರಮಾವ ಕೊಟ್ಟ ದುಡ್ಡಿನಲ್ಲಿ ಮುಂದೂಡಿದೆವು.

ಆ ವರ್ಷವಿಡೀ ಅವ್ವ ಅಳಲಿಲ್ಲ. ಜನ ಮಾತಾಡಿಕೊಂಡರು. ನನಗೂ ಭಯವಾಗಿತ್ತು. ರಾಗಿ ಬೀಸಿದಳು, ದನ ನೋಡಿಕೊಂಡಳು, ಹೊತ್ತಿಗೆ ಸರಿಯಾಗಿ ದೀಪ ಹಚ್ಚಿದಳು. ಗುಳುಗುಳು ಇಲ್ಲ, ಲೊಟಲೊಟ ಇಲ್ಲ. ನಡುವಿನ ಆ ಸದ್ದಿಲ್ಲದ ಕಾಲ ಅಂದೆನಲ್ಲ, ಅದು ಹೀಗೇ ಇರುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಅಂಥ ಕಾಲದಲ್ಲಿ ಇದ್ದರೆ, ದಯವಿಟ್ಟು ಅವರನ್ನು ಅಲ್ಲಾಡಿಸಿ ನೋಡಬೇಡಿ. ಊಟ ಕೊಡಿ, ಹತ್ತಿರದಲ್ಲಿ ಇರಿ.

ಕಾರ್ತಿಕದಲ್ಲಿ ಒಂದು ರಾತ್ರಿ. ನಾನು ಊರಿಗೆ ಹೋಗಿದ್ದೆ, ಅವ್ವನ ಪಕ್ಕದಲ್ಲೇ ಮಲಗಿದ್ದೆ. ಅಟ್ಟದ ಮೇಲೆ ಇಲಿ ಓಡಿತು. ಓಡಿದ ಕಡೆಯಲ್ಲೆಲ್ಲ ಕಾಯಿ ಸ್ವಲ್ಪ ಸ್ವಲ್ಪ ಅಲುಗಿತು. ಲೊಟ, ಲೊಟ, ಲೊಟ. ಈ ಗೋಡೆಯಿಂದ ಆ ಗೋಡೆಯವರೆಗೆ. ಅವ್ವ ಎದ್ದು ಕೂತಳು. ಕತ್ತಲಲ್ಲಿ ಮುಖ ಕಾಣಲಿಲ್ಲ. ‘ಆಗೈತೆ’ ಅಂದಳು. ಬೆಳಿಗ್ಗೆ ಕಾಯಿ ಇಳಿಸಿದರು. ಅವ್ವ ಮೊದಲನೆಯದನ್ನು ತಾನೇ ಒಡೆದಳು. ಚಿಪ್ಪು ಎರಡು ಹೋಳಾಗಿ ಬಿತ್ತು, ಗಿಟುಕು ಇಡಿಯಾಗಿ ಕೈಗೆ ಬಂತು. ಒಂದು ಗೀರೂ ಇರಲಿಲ್ಲ. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅವ್ವ ಅತ್ತಳು. ಜೋರಾಗಿ, ತುಂಬಾ ಹೊತ್ತು. ಒಡೆಯುವುದಕ್ಕೆ ಬಂದಿದ್ದ ಹೆಂಗಸರೆಲ್ಲ ಮಚ್ಚು ಕೆಳಗಿಟ್ಟು ಸುಮ್ಮನೆ ಕೂತರು. ಆಮೇಲೆ ಕಣ್ಣೊರೆಸಿಕೊಂಡು, ‘ಏಳ್ರವ್ವ, ಬಿಸಿಲಾಯ್ತು’ ಅಂದು ಎರಡನೆಯ ಕಾಯಿ ತೆಗೆದುಕೊಂಡಳು.

ವೈರಾಗ್ಯ ಅನ್ನುವ ದೊಡ್ಡ ಪದ ಇದೆಯಲ್ಲ, ಅದನ್ನು ಕೇಳಿದಾಗ ನನಗೆ ಈಗ ನೆನಪಾಗುವುದು ಆ ಮಡಿಲು. ಅವ್ವ ಅಪ್ಪನನ್ನು ಬಿಡಲಿಲ್ಲ. ಪೂರ್ತಿ ಕುಡಿದಳು. ಆಮೇಲೆ ತಾನಾಗಿ ಬಿಟ್ಟುಕೊಂಡಿತು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಹೋದ ಸಲ ಬೇರೆ ಕಡೆ ಇದನ್ನು ಹೇಳಿದಾಗ ಒಬ್ಬ ತಾಯಿ ಕೇಳಿದರು. ಎಲ್ಲರೂ ಹೀಗೆ ಒಣಗಬೇಕಾ, ಮನೆ ಮಕ್ಕಳು ಅಂತ ಇರುವವರ ಗತಿ ಏನು ಎಂದು. ಅವರ ಮಾತಿನಿಂದಲೇ ನನಗೆ ಅಟ್ಟದ ಇನ್ನೊಂದು ವಿಷಯ ನೆನಪಾಯಿತು. ಮಳೆಗಾಲದಲ್ಲಿ ಹೆಂಚು ಸರಿದು ಸೋರಿದರೆ, ಆ ಮೂಲೆಯ ಕಾಯಿ ಕೊಬ್ಬರಿ ಆಗುವುದಿಲ್ಲ. ಮೊಳಕೆ ಒಡೆಯುತ್ತದೆ. ಅಂಥದ್ದನ್ನು ಒಡೆದರೆ ಒಳಗೆ ನೀರಿರುವ ಜಾಗದಲ್ಲಿ ಬೆಳ್ಳಗೆ, ಸ್ಪಂಜಿನ ಹಾಗೆ ಒಂದು ಉಂಡೆ ಇರುತ್ತದೆ. ನಾವು ಅದನ್ನು ಹೂವು ಅನ್ನುತ್ತಿದ್ದೆವು. ತಿಂದರೆ ಸಿಹಿ, ಮಕ್ಕಳೆಲ್ಲ ಕಿತ್ತಾಡುತ್ತಿದ್ದೆವು. ಆ ಹೂವು ಒಳಗಿನ ನೀರನ್ನೂ ತಿರುಳನ್ನೂ ಹೀರಿ ಮೇಲಿನ ಮೊಳಕೆಗೆ ಕಳಿಸುತ್ತದೆ. ಸಸಿ ತನ್ನ ಬೇರಿನಿಂದ ಉಣ್ಣುವುದನ್ನು ಕಲಿಯುವ ತನಕ ಅದರ ಊಟ ಇದೇ. ಅಂದರೆ ಅದೇ ನೀರು. ಒಂದು ಕಾಯಿಯಲ್ಲಿ ಗಿಟುಕಾಗುತ್ತದೆ, ಇನ್ನೊಂದರಲ್ಲಿ ಗಿಡವಾಗುತ್ತದೆ.

ನನ್ನ ಅಕ್ಕ ಇದ್ದಾಳೆ. ಐದು ಮಕ್ಕಳು, ಹನ್ನೊಂದು ಮೊಮ್ಮಕ್ಕಳು. ‘ನಾನು ಒಂದು ದಿನ ನೆಟ್ಟಗೆ ಪೂಜೆ ಮಾಡಲಿಲ್ಲ ಕಣೇ, ಬರೀ ಬೇಯಿಸಿ ಹಾಕಿದ್ದೇ ಆಯ್ತು’ ಅಂತ ಈಗ ಕೊರಗುತ್ತಾಳೆ. ಅಕ್ಕ, ನಿನ್ನ ನೀರು ಚೆಲ್ಲಿಲ್ಲ, ಹನ್ನೊಂದು ಸಸಿ ನಿಂತಿವೆ ನೋಡು, ಅನ್ನುತ್ತೇನೆ. ಅವಳಿಗೆ ಪೂರ್ತಿ ನಂಬಿಕೆ ಬಂದಿಲ್ಲ. ಬರುವ ತನಕ ಹೇಳುತ್ತಾ ಇರುತ್ತೇನೆ.

ತುಮಕೂರಿನಲ್ಲಿ ನಿಂತು ಇದನ್ನು ಹೇಳುವಾಗ ಸಿದ್ಧಗಂಗೆಯನ್ನು ನೆನೆಯದೆ ಇರಲಾಗುವುದಿಲ್ಲ. 2019ರ ಜನವರಿ 21ರಂದು ಶಿವಕುಮಾರ ಸ್ವಾಮಿಗಳು ಹೋದಾಗ ಅವರಿಗೆ 111 ವರ್ಷ. ಆ ದಿನಗಳಲ್ಲಿ ಈ ಊರಿಗೆ ಬಂದ ಜನವನ್ನು ನೀವೂ ನೋಡಿದ್ದೀರಿ. ಅತ್ತುಕೊಂಡು ಬಂದವರಿಗೆಲ್ಲ ಅಲ್ಲಿ ಊಟವಿತ್ತು. ನಾನು ಸಾಲಿನಲ್ಲಿ ಕೂತು ಅನ್ನ ಸಾರು ಉಂಡೆ. ಕಣ್ಣಲ್ಲಿ ನೀರು, ಎಲೆಯ ಮೇಲೆ ಬಿಸಿ ಅನ್ನ. ಹೋದವರು ಎಲ್ಲಿಗೆ ಹೋದರು ಅನ್ನುವುದಕ್ಕೆ ಆ ಒಲೆಯನ್ನು ನೋಡಿದರೆ ಸಾಕಿತ್ತು. ಒಬ್ಬ ಮನುಷ್ಯನ ಇಷ್ಟು ವರ್ಷದ ಪ್ರೀತಿಯನ್ನು ಆ ಮಠದ ಅಡುಗೆಮನೆ ಕುಡಿದುಕೊಂಡಿತ್ತು.

‘ಅಟ್ಟ ಹತ್ತಲಾರದವ ಬೆಟ್ಟ ಹತ್ತಿಯಾನೇ’ ಅಂತ ಗಾದೆ. ನಮ್ಮಲ್ಲಿ ಬೆಟ್ಟಕ್ಕೆ ಕಡಿಮೆ ಇಲ್ಲ. ದೇವರಾಯನದುರ್ಗ ಹತ್ತಿರದಲ್ಲೇ ಇದೆ, ರಜೆ ಬಂದರೆ ಎಲ್ಲರೂ ಅಲ್ಲಿಗೇ. ನಾಮದ ಚಿಲುಮೆಯಲ್ಲಿ ಬಂಡೆಯ ಕುಳಿಯಲ್ಲಿ ನೀರು ನೋಡಿ, ರಾಮ ಬಾಣ ಬಿಟ್ಟ ಕಥೆ ಮಕ್ಕಳಿಗೆ ಹೇಳಿ ಬರುತ್ತೇವೆ. ನಾನೂ ಹೋಗುತ್ತೇನೆ, ಅಲ್ಲಿ ಕೂತರೆ ಮನಸ್ಸು ತಿಳಿಯಾಗುತ್ತದೆ. ಆದರೆ ಗಾದೆ ಮೊದಲು ಅಟ್ಟ ಹತ್ತು ಅನ್ನುತ್ತದೆ. ಅಟ್ಟ ಅಂದರೆ ನಿಮ್ಮ ಮನೆಯೊಳಗೇ, ನಿಮ್ಮ ತಲೆಯ ಮೇಲೇ, ಯಾರೋ ನಿಮಗೋಸ್ಕರ ಇಟ್ಟು ಹೋದದ್ದು ಇರುವ ಜಾಗ.

ಆ ಮೊದಲ ಗಿಟುಕಿನ ವಿಷಯ ಅರ್ಧಕ್ಕೆ ಬಿಟ್ಟೆ. ನಾನು ತುಮಕೂರಿಗೆ ಹೊರಟಾಗ ಅವ್ವ ಮಡಿಲಕ್ಕಿ ಕಟ್ಟಿದಳು. ಅಕ್ಕಿ, ಬೆಲ್ಲ, ಎಲೆ ಅಡಿಕೆ, ಜೊತೆಗೆ ಆ ಗಿಟುಕು. ನನಗೆ ಅದನ್ನು ತಿನ್ನಲು ಮನಸ್ಸಾಗಲಿಲ್ಲ. ದೇವರ ಗೂಡಿನಲ್ಲಿ ಅಪ್ಪನ ಫೋಟೋ ಪಕ್ಕ ಇಟ್ಟು ದಿನಾ ಕುಂಕುಮ ಹಚ್ಚಿದೆ. ಡಿಸೆಂಬರ್‌ನಲ್ಲಿ ಅಪ್ಪನ ವರ್ಷದ ಕಾರ್ಯ ಮುಗಿಯಿತು. ಸಂಕ್ರಾಂತಿಗೆ ಅವ್ವ ನಮ್ಮ ಮನೆಗೆ ಬಂದಳು. ಗೂಡಿನಲ್ಲಿದ್ದ ಗಿಟುಕನ್ನು ನೋಡಿದವಳೇ ಬೈದಳು. ‘ಇದನ್ನ ಹಿಂಗೆ ಇಟ್ಕಂಡು ಏನ್ ಮಾಡ್ತೀಯ? ಕಮಟು ಹಿಡಿಯುತ್ತೆ. ತಿನ್ನಾಕೆ ಅಂತ ಕೊಟ್ಟಿದ್ದು’ ಅಂದಳು.

ತೊಳೆದು, ಒರೆಸಿ, ಈಳಿಗೆ ಮಣೆ ಮುಂದೆ ಕೂತಳು. ಕಪ್ಪು ಸಿಪ್ಪೆ ಹೆರೆದು, ಸಂಜೆಯ ತನಕ ಸಣ್ಣ ಸಣ್ಣದಾಗಿ ಹೆಚ್ಚಿದಳು. ಬೆಲ್ಲ ನಾನು ಹೆಚ್ಚಿದೆ. ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ ಸೇರಿಸಿ ಕಲಸಿದೆವು. ಒಂದೇ ಗಿಟುಕು, ಎಷ್ಟು ಮನೆಗೆ ಸಾಕಾದೀತು ಅಂದುಕೊಂಡಿದ್ದೆ. ನಮ್ಮ ಬೀದಿಗೆಲ್ಲ ಎಳ್ಳು ಬೀರಿದೆವು. ಅಪ್ಪನನ್ನು ಒಂದು ದಿನವೂ ನೋಡದ ಮನೆಗಳು.

ಎದುರು ಮನೆಯ ನಾಲ್ಕು ವರ್ಷದ ಹುಡುಗ ನಮ್ಮ ಮೆಟ್ಟಿಲ ಮೇಲೇ ಕೂತು ಪೊಟ್ಟಣ ಬಿಚ್ಚಿದ. ಎಳ್ಳು, ಬೆಲ್ಲ ಎಲ್ಲ ಪಕ್ಕಕ್ಕೆ ಸರಿಸಿ, ಒಂದೊಂದೇ ಕೊಬ್ಬರಿ ಚೂರು ಆರಿಸಿ ಆರಿಸಿ ತಿಂದ. ಅವನ ಅಮ್ಮ ಗದರಿಸಿದರು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ‘ಬಯ್ಬೇಡಿ ತಾಯಿ, ತಿನ್ಲಿ’ ಅಂದಳು. ಒಳಗೆ ಹೋಗಿ, ತಟ್ಟೆಯಲ್ಲಿ ನನಗೆ ಅಂತ ತೆಗೆದಿಟ್ಟಿದ್ದ ಚೂರುಗಳಲ್ಲಿ ಅರ್ಧ ತಂದು ಅವನ ಕೈಗೆ ಹಾಕಿದಳು. ಉಳಿದರ್ಧ ನನ್ನ ಕೈಗೆ ಕೊಟ್ಟು, ನಾನು ಅಗಿದು ನುಂಗುವ ತನಕ ಅಲ್ಲೇ ನಿಂತಿದ್ದಳು.